ಅನರ್ಥದಂಡ ಮತ್ತು ಮರುಭೂಮಿಯ ಒಂದು ಪಂದ್ಯ

ಗೃಹಸ್ಥನಿಂದ ಒದಗುವ ಹಿಂಸೆಯನ್ನು ನಮ್ಮ ಪರಂಪರೆ ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಈ ಪತ್ರಿಕೆಯ ವಾಚಕರಿಗೆ ಹೊಸ ಸಂಗತಿಯಲ್ಲ. ಕೊಲ್ಲಬೇಕೆಂದೇ ಬಗೆದು ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಕಸಗುಡಿಸುವಿಕೆ, ಮನೆ ಕಟ್ಟುವಿಕೆ ಮೊದಲಾದ ಸಂಸಾರಕಾರ್ಯಗಳಲ್ಲಿ ಘಟಿಸುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರಾದಿ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ. ಧರ್ಮ, ದೇಶ, ಕುಟುಂಬಗಳ ರಕ್ಷಣೆಗಾಗಿ ಎದುರಿಸಿ ನಿಲ್ಲುವಾಗ ಆಗುವುದು ವಿರೋಧೀ. ಮೊದಲನೆಯದನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ತ್ಯಜಿಸಲಾರನಾದ್ದರಿಂದ ಮಿತಿಯಲ್ಲಿಟ್ಟುಕೊಳ್ಳಬೇಕು. ಬಾಲ್ಯದಲ್ಲಿ ಪಾಠಶಾಲೆಯ ಗುರುಗಳು ಬಾಯಿಪಾಠ ಮಾಡಿಸಿದ ಈ ವಿಭಾಗವನ್ನು ನಾನು ಸಂದೇಹವಿಲ್ಲದೆ ಒಪ್ಪಿಕೊಂಡು ಬಂದವನು. ಆದರೆ 2024ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಮೆರಿಕೆಯ ಮೊಹಾವೆ ಮರುಭೂಮಿಯಲ್ಲಿ ನಿಂತು, ಈ ನಾಲ್ಕರಲ್ಲಿ ಒಂದಕ್ಕೂ ಸೇರದ ಹಿಂಸೆಯೊಂದನ್ನು ಕಣ್ಣಾರೆ ಕಂಡೆ. ಕಂಡೆನೆಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಕಂಡು ಹಿಗ್ಗಿದೆ. ಆ ಹಿಗ್ಗಿನ ಲೆಕ್ಕವನ್ನು ಸಹಧರ್ಮಿಗಳ ಮುಂದೆ ಒಪ್ಪಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಕಿರಿಯ ಮಗ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷಗಳಿಂದ ಇಂಜಿನಿಯರಾಗಿದ್ದಾನೆ. ಮದ್ಯ ಮಾಂಸಗಳನ್ನು ಮುಟ್ಟಿದವನಲ್ಲ. ಬ್ಯೂನಾ ಪಾರ್ಕಿನ ಜೈನ ಕೇಂದ್ರಕ್ಕೆ ತಿಂಗಳಿಗೊಮ್ಮೆಯಾದರೂ ಹೋಗಿ ಪೂಜೆಯಲ್ಲಿ ಕುಳಿತು ಬರುತ್ತಾನೆ. ಇಂಥವನು ಮೂವರು ಗೆಳೆಯರೊಡನೆ ಮರುಭೂಮಿಯಲ್ಲಿ ಮೋಟಾರ್ ಸೈಕಲ್ ಪಂದ್ಯಗಳಿಗೆ ಹೋಗುತ್ತಾನೆಂಬ ಸಂಗತಿಯನ್ನು ಅವನ ತಾಯಿಯೂ ಸೊಸೆಯೂ ಸೇರಿ ಎರಡು ವರ್ಷ ನನ್ನಿಂದ ಮುಚ್ಚಿಟ್ಟಿದ್ದರು. ತಿಳಿದಾಗ ಕೋಪಗೊಳ್ಳುವ ಅಧಿಕಾರ ನನಗಿತ್ತೇ ಎಂಬುದು ಬೇರೆ ಮಾತು. ಹುಬ್ಬಳ್ಳಿಯಲ್ಲಿ ಮೂವತ್ತೆಂಟು ವರ್ಷ ದ್ವಿಚಕ್ರ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸಿದವನು ನಾನು. ಕ್ಲಚ್ ಪ್ಲೇಟು, ಚೈನ್ ಸ್ಪ್ರಾಕೆಟ್ಟು, ಟಯರು ಟ್ಯೂಬುಗಳನ್ನು ಮಾರಿಯೇ ಅವನನ್ನು ಓದಿಸಿದೆ. ಶಾಲೆಯ ರಜೆಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಸ್ಪಾರ್ಕ್ ಪ್ಲಗ್ಗುಗಳನ್ನು ಎಣಿಸುತ್ತಿದ್ದ ಹುಡುಗನಿಗೆ ಇಂಜಿನಿನ ಮೋಹ ಎಲ್ಲಿಂದ ಬಂತೆಂದು ನಾನು ಯಾರನ್ನು ಕೇಳಲಿ? "ಬೈಯೂದಿದ್ರ ಒಮ್ಮೆ ಬಂದು ನೋಡಿ ಬೈಯ್ರಿ ಅಪ್ಪಾಜಿ" ಎಂದ. ಹೋದೆ.

ಪಂದ್ಯ ನಡೆದದ್ದು ಸ್ಯಾನ್ ಬರ್ನಾರ್ಡಿನೊ ಜಿಲ್ಲೆಯ ಜಾನ್ಸನ್ ವ್ಯಾಲಿ ಎಂಬ ಬಯಲಿನಲ್ಲಿ. ಇದು ಸರ್ಕಾರದ ಭೂಮಿ. 'ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್' ಎಂಬ ಕೇಂದ್ರ ಇಲಾಖೆಯ ವಶದಲ್ಲಿದೆ. ರಸ್ತೆಯಿಲ್ಲದ ನೆಲದಲ್ಲಿ ವಾಹನ ಓಡಿಸಲೆಂದೇ ಇದನ್ನು ಬಿಟ್ಟುಕೊಟ್ಟಿದ್ದಾರೆ. ನಮ್ಮವರು ಮರುಭೂಮಿಯೆಂದರೆ ರಾಜಸ್ಥಾನದ ಮರಳಿನ ದಿಬ್ಬಗಳನ್ನು ನೆನೆಯುತ್ತಾರೆ. ಇಲ್ಲಿ ಮರಳಿಗಿಂತ ಕಲ್ಲು ಹೆಚ್ಚು. ಬೋಳು ಗುಡ್ಡಗಳು, ಬತ್ತಿದ ಸರೋವರದ ಬಿಳಿ ತಳ, ನಡುವೆ ಎಡೆಬಿಟ್ಟು ಎಡೆಬಿಟ್ಟು ಬೆಳೆದ ಕ್ರಿಯೋಸೋಟ್ ಎಂಬ ಕುರುಚಲು ಪೊದೆ. ಮಳೆ ಬಿದ್ದಾಗ ಈ ಪೊದೆಯಿಂದ ಒಂದು ಬಗೆಯ ಔಷಧದ ವಾಸನೆ ಹೊರಡುತ್ತದೆ. ಶನಿವಾರ ಸಂಜೆ ನಾವು ತಲಪುವ ಹೊತ್ತಿಗೆ ಆ ಸರೋವರದ ತಳ ಒಂದು ಜಾತ್ರೆಯಂತಿತ್ತು. ಮನೆಯನ್ನೇ ಎಳೆದುಕೊಂಡು ಬಂದ ವಾಹನಗಳು, ಹೊಡೆದ ಡೇರೆಗಳು, ಐದಾರು ವರ್ಷದ ಮಕ್ಕಳಿಗೂ ಪುಟ್ಟ ಮೋಟಾರ್ ಸೈಕಲ್ಲು, ಕುರ್ಚಿ ಹಾಕಿಕೊಂಡು ಕುಳಿತ ಅಜ್ಜಿಯರು. ವೃತ್ತಿಪರ ಸವಾರರ ಪಂದ್ಯ ಇದಲ್ಲ. ವಾರವೆಲ್ಲ ದುಡಿದು ಭಾನುವಾರ ಆಡುವವರ ಕೂಟ. ಗೆದ್ದವನಿಗೆ ಸಿಗುವುದು ಒಂದು ಫಲಕ. ಜೂಜು ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ನಾನು ಅದನ್ನು ಹುಡುಕಿಕೊಂಡೇ ಹೋಗಿದ್ದೆ.

ಮಗನ ಗೆಳೆಯರಲ್ಲಿ ಒಬ್ಬ ಕೊಳಾಯಿ ಕೆಲಸದವನು, ಒಬ್ಬ ಆಸ್ಪತ್ರೆಯಲ್ಲಿ ಶುಶ್ರೂಷಕ, ಮತ್ತೊಬ್ಬ ಶಾಲಾ ಶಿಕ್ಷಕ. ಸೂರ್ಯಾಸ್ತಕ್ಕೆ ಮೊದಲು ನನ್ನ ಊಟ ಮುಗಿಯಬೇಕೆಂದು ತಿಳಿದಿದ್ದ ಅವರು ತಾವೂ ಹೊತ್ತಿಗೆ ಮುಂಚೆಯೇ ಉಂಡರು. ನನ್ನೆದುರು ಮಾಂಸವನ್ನು ತೆಗೆಯಲಿಲ್ಲ. ನಮ್ಮ ಎಷ್ಟೋ ಮದುವೆಗಳಲ್ಲಿ ರಾತ್ರಿ ಒಂಬತ್ತರವರೆಗೆ ಎಲೆ ಹಾಕದೆ ವೃದ್ಧರನ್ನು ಕಾಯಿಸುವುದನ್ನು ಕಂಡ ನನಗೆ ಈ ಸೌಜನ್ಯ ಮನಸ್ಸಿಗೆ ತಟ್ಟಿತು.

ಮರುದಿನ ಬೆಳಿಗ್ಗೆ ಸುಮಾರು ನೂರೈವತ್ತು ಸವಾರರು ಬಯಲಿನ ಅಂಚಿನಲ್ಲಿ ಒಂದೇ ಸಾಲಾಗಿ ನಿಂತರು. ಈ ಬಗೆಯ ಪಂದ್ಯಕ್ಕೆ 'ಹೇರ್ ಅಂಡ್ ಹೌಂಡ್' ಎಂದು ಹೆಸರು. ಮೊಲ ಮತ್ತು ಬೇಟೆನಾಯಿ ಎಂದರ್ಥ. ಆಟದಲ್ಲಿ ಮೊಲವೂ ಇಲ್ಲ, ನಾಯಿಯೂ ಇಲ್ಲ, ಹೆಸರಿನಲ್ಲಿ ಮಾತ್ರ ಬೇಟೆ ಉಳಿದುಕೊಂಡಿದೆ. ಎಲ್ಲರೂ ಇಂಜಿನ್ ಆರಿಸಬೇಕು. ಎದುರಿಗೆ ಎತ್ತಿ ಹಿಡಿದ ಪತಾಕೆ ಕೆಳಗಿಳಿಯುವವರೆಗೆ ಯಾರೂ ಅದನ್ನು ಚಾಲೂ ಮಾಡುವಂತಿಲ್ಲ. ಆ ಒಂದು ನಿಮಿಷ ಬಯಲಿನಲ್ಲಿ ಗಾಳಿಯ ಸದ್ದೂ ಕೇಳುವಷ್ಟು ನಿಶ್ಶಬ್ದ. ಶಿರಸ್ತ್ರಾಣ, ಎದೆಗವಚ, ಮಂಡಿಗೆ ಕಟ್ಟಿದ ಪಟ್ಟಿ, ಮೊಣಕಾಲೆತ್ತರದ ಬೂಟು ಧರಿಸಿದ ನನ್ನ ಮಗ ಆ ಸಾಲಿನಲ್ಲಿ ಎಲ್ಲಿದ್ದಾನೆಂದು ಗುರುತಿಸಲಾಗಲಿಲ್ಲ. ಅಷ್ಟೂ ಜನ ಕಾಯೋತ್ಸರ್ಗದಲ್ಲಿ ನಿಂತವರಂತೆ ಅಲುಗಾಡದೆ ಇದ್ದರು. ಪತಾಕೆ ಇಳಿಯಿತು. ನೂರೈವತ್ತು ಇಂಜಿನುಗಳು ಒಮ್ಮೆಲೇ ಗರ್ಜಿಸಿದವು. ಮೈಲಿಗಟ್ಟಲೆ ದೂರದಲ್ಲಿ ಎಬ್ಬಿಸಿದ ಹೊಗೆಯೇ ಅವರ ಗುರಿ; ಅಲ್ಲಿಯವರೆಗೆ ದಾರಿಯೆಂಬುದಿಲ್ಲ. ಪೊದೆ, ಕಲ್ಲು, ಕೊರಕಲು, ಯಾವುದು ಎದುರಾದರೂ ಹಾರಿಸಿಕೊಂಡು ಹೋಗಬೇಕು. ಆ ಗುರುತಿನ ಆಚೆಗೆ ಪಟ್ಟಿ ಕಟ್ಟಿ ತೋರಿಸಿದ ಹಾದಿ. ಎದ್ದ ಧೂಳು ಸೂರ್ಯನನ್ನು ಮರೆಮಾಡಿತು. ನಾನು ಕುರ್ಚಿಯಿಂದ ಎದ್ದು ನಿಂತು ಎರಡೂ ಕೈ ಎತ್ತಿ, "ಹೊಡೀ, ಹೊಡೀ" ಎಂದು ಕೂಗುತ್ತಿದ್ದೇನೆಂದು ನನಗೆ ತಿಳಿದದ್ದು ಪಕ್ಕದ ಕುರ್ಚಿಯ ಮುದುಕಿ ನಕ್ಕಾಗ.

ಕೃತ, ಕಾರಿತ, ಅನುಮೋದಿತ ಎಂದು ಪಾಪದ ಮೂರು ದ್ವಾರಗಳನ್ನು ಮಕ್ಕಳಿಗೆ ಹೇಳಿಕೊಡುವಾಗ ಮೂರನೆಯದನ್ನು ನಾನು ಸದಾ ಹಗುರವಾಗಿ ಹೇಳಿ ದಾಟಿಸುತ್ತಿದ್ದೆ. ಮಾಡದೆ, ಮಾಡಿಸದೆ, ಸುಮ್ಮನೆ ಒಪ್ಪಿಕೊಂಡು ಸಂತೋಷಪಡುವುದು ಅಷ್ಟು ದೊಡ್ಡದೇ ಎಂಬ ಅಳುಕು ನನ್ನೊಳಗಿತ್ತು. ಅಂದು ಧೂಳು ಇಳಿದ ಮೇಲೆ ಗಂಟಲು ನೋಯುತ್ತಿತ್ತು.

ಸವಾರರು ಮರಳಲು ಮೂರು ತಾಸು ಬೇಕಿತ್ತು. ನೋಡಲು ಬಂದವರು ಓಟದ ಹಾದಿಯ ಸಮೀಪ ಹೋಗದಂತೆ ಕಟ್ಟುನಿಟ್ಟು ಮಾಡಿದ್ದರು. ಇದೇ ಬಯಲಿನಲ್ಲಿ 2010ರ ಆಗಸ್ಟಿನ ಒಂದು ರಾತ್ರಿ ನಾಲ್ಕು ಚಕ್ರದ ವಾಹನಗಳ ಪಂದ್ಯದಲ್ಲಿ ಒಂದು ವಾಹನ ಉರುಳಿ ಜನರ ಮೇಲೆ ಬಿದ್ದು ಎಂಟು ಮಂದಿ ನೋಡುಗರು ಸತ್ತರು. ಆದ್ದರಿಂದ ನಾನು ವಿರುದ್ಧ ದಿಕ್ಕಿಗೆ, ಚಕ್ರ ಹರಿಯದ ನೆಲದ ಕಡೆಗೆ ನಡೆದೆ. ಹೊರಡುವ ಮೊದಲು ಆ ಮರುಭೂಮಿಯ ವಿಚಾರ ಸ್ವಲ್ಪ ಓದಿಕೊಂಡಿದ್ದೆ. ಓದಿದ್ದು ಅಲ್ಲಿ ಕಾಲ ಕೆಳಗೆ ಸಿಕ್ಕಿತು.

ನಿರ್ಜೀವವೆಂದು ಕಾಣುವ ಆ ನೆಲದ ಮೇಲ್ಪದರು ಹಲವೆಡೆ ಜೀವಂತವಾದುದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂಗಳು ಸೇರಿ ಮಣ್ಣಿನ ಕಣಗಳನ್ನು ಹೆಣೆದು ತೆಳುವಾದ ಹೆಪ್ಪನ್ನು ಕಟ್ಟಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು, ಇದ್ದಷ್ಟು ತೇವವನ್ನು ಕಾಯುವುದು ಅದರ ಕೆಲಸ. ಒಂದು ಹೆಜ್ಜೆಗೆ ಅದು ಒಡೆಯುತ್ತದೆ. ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಜನರಲ್ ಪ್ಯಾಟನ್ ಆರಂಭಿಸಿದ ಯುದ್ಧತರಬೇತಿ ಈ ಸೀಮೆಯ ಮರುಭೂಮಿಗಳಲ್ಲಿ ನಡೆಯಿತು. ಅಂದು ಓಡಾಡಿದ ಟ್ಯಾಂಕುಗಳ ಜಾಡು ಎಂಬತ್ತು ವರ್ಷಗಳ ಮೇಲೂ ಅಲ್ಲಲ್ಲಿ ಅಳಿಯದೆ ಉಳಿದಿದೆ. ನಮ್ಮ ಮಲೆನಾಡಿನಲ್ಲಾದರೆ ಒಂದು ಮಳೆಗಾಲ ಅಳಿಸಿಹಾಕುವ ಗುರುತನ್ನು ಇಲ್ಲಿನ ನೆಲ ಮನುಷ್ಯನ ಆಯುಷ್ಯಕ್ಕಿಂತ ಹೆಚ್ಚು ಕಾಲ ಹೊತ್ತುಕೊಂಡಿರುತ್ತದೆ. ಇದೇ ಸೀಮೆಯಲ್ಲಿ ಕ್ರಿಯೋಸೋಟ್ ಪೊದೆಯ ಒಂದು ಬಳೆಯಾಕಾರದ ಸಮೂಹವಿದೆ. ಒಂದೇ ಬೇರಿನಿಂದ ಹೊರಗೆ ಹೊರಗೆ ಹಬ್ಬುತ್ತ, ನಡುವಿನ ಮುದಿ ಕಾಂಡಗಳು ಸಾಯುತ್ತ ಬಂದ ಆ ಒಂದು ಗಿಡದ ವಯಸ್ಸು ಅಂದಾಜು 11,700 ವರ್ಷಗಳೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಅದಕ್ಕೆ ಬೇಲಿ ಹಾಕಿ ಕಾಪಾಡಿದ್ದಾರೆ. ಬೇಲಿಯಿಲ್ಲದ ಅದರ ಬಂಧುಗಳು ನನ್ನ ಸುತ್ತ ನಿಂತಿದ್ದವು. ಅವುಗಳ ವಯಸ್ಸನ್ನು ಕೇಳಿದವರಾರು?

ಆ ಪೊದೆಗಳ ಬುಡದಲ್ಲಿ ಮರುಭೂಮಿಯ ಆಮೆ ಬಿಲ ತೋಡುತ್ತದೆ. ಐವತ್ತು, ಅರುವತ್ತು, ಕೆಲವೊಮ್ಮೆ ಎಂಬತ್ತು ವರ್ಷ ಬದುಕುವ ಪ್ರಾಣಿ. ಬಾಳಿನ ಬಹುಭಾಗವನ್ನು ಬಿಲದೊಳಗೇ ಕಳೆಯುತ್ತದೆ. ಮಳೆ ಬಿದ್ದಾಗ ಕುಡಿದ ನೀರನ್ನು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡು ಬೇಸಗೆಯನ್ನು ದಾಟುತ್ತದೆ. ಬೆದರಿಸಿದರೆ ಆ ನೀರನ್ನು ಚೆಲ್ಲಿಬಿಡುತ್ತದೆ. ಹಾಗೆ ಚೆಲ್ಲಿದ ಮೇಲೆ ಬೇಗನೆ ಮಳೆ ಬಾರದಿದ್ದರೆ ಅದಕ್ಕೆ ಸಾವೇ ಗತಿಯಾಗಬಹುದು. ಆದ್ದರಿಂದ, ಕಂಡರೂ ಎತ್ತಿಕೊಳ್ಳಬೇಡಿರೆಂದು ಅಲ್ಲಿನ ಇಲಾಖೆ ಜನರಿಗೆ ತಿಳಿಸುತ್ತದೆ. ಅಪಾಯ ಬಂದಾಗ ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನು ಗುಪ್ತಿಗೆ ಉಪಮಾನವಾಗಿ ಹೇಳುವ ನಮಗೆ ಈ ಪ್ರಾಣಿಯ ಪರಿಚಯ ಹೇಳಬೇಕಾಗಿಲ್ಲ. ಬಿಲದ ಮಾಳಿಗೆಯ ಮೇಲೆ ನೂರು ಕಿಲೋಗ್ರಾಮಿಗೂ ಮಿಕ್ಕಿದ ವಾಹನವೊಂದು ಸವಾರನ ಸಮೇತ ಹಾದರೆ ಏನಾಗುವುದೆಂಬುದನ್ನೂ ವಿವರಿಸಬೇಕಾಗಿಲ್ಲ.

ಆಡುವವರಿಗೂ ನೆಲಕ್ಕೂ ನಡುವಿನ ಈ ವ್ಯಾಜ್ಯ ಹಳೆಯದು. ಬಾರ್‌ಸ್ಟೋ ಊರಿನಿಂದ ಲಾಸ್ ವೇಗಾಸಿಗೆ ಮರುಭೂಮಿಯನ್ನು ಅಡ್ಡ ಹಾಯುವ ಪಂದ್ಯ 1967ರಲ್ಲಿ ಆರಂಭವಾಯಿತು. 1974ರ ವೇಳೆಗೆ ಸುಮಾರು 3,000 ಸವಾರರು ಒಟ್ಟಿಗೆ ಹೊರಟರು. ನೆಲಕ್ಕಾದ ಹಾನಿಯನ್ನು ಕಂಡ ಇಲಾಖೆ ಆಮೇಲೆ ಅನುಮತಿಯನ್ನು ನಿಲ್ಲಿಸಿತು. 1983ರಲ್ಲಿ ನಿಬಂಧನೆಗಳೊಡನೆ ಮತ್ತೆ ಕೊಟ್ಟಿತು. 1989ರದೇ ಕೊನೆಯದಾಯಿತು. 1990ರ ಏಪ್ರಿಲಿನಲ್ಲಿ ಮೊಹಾವೆಯ ಆಮೆ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು. ಜಾನ್ಸನ್ ವ್ಯಾಲಿಯ ಒಂದು ಭಾಗವನ್ನು 2013ರ ಕಾಯಿದೆಯಿಂದ ಪಕ್ಕದ ನೌಕಾಪದಾತಿ ಸೈನ್ಯದ ತರಬೇತಿಗೆ ಕೊಟ್ಟರು. ಅದಕ್ಕಾಗಿ 2017ರಲ್ಲಿ ನೂರಾರು ಆಮೆಗಳನ್ನು ಎತ್ತಿ ಬೇರೆಡೆ ಬಿಟ್ಟರು. ಹೀಗೆ ಆ ದೇಶದವರು ಮರುಭೂಮಿಗೆ ಗೆರೆ ಎಳೆದಿದ್ದಾರೆ: ಇಲ್ಲಿ ಆಡಿರಿ, ಅಲ್ಲಿ ಹಾದಿ ಬಿಡದೆ ಹೋಗಿರಿ, ಆಚೆಗೆ ಚಕ್ರವೇ ಬೇಡ. ನಮ್ಮ ದಿಗ್ವ್ರತ, ದೇಶವ್ರತಗಳ ನೆನಪಾಯಿತು. ಗೆರೆಯ ಹೊರಗೆ ಪಾಪ ನಿಲ್ಲುತ್ತದೆ ಎಂಬುದು ನಿಜ. ಗೆರೆಯ ಒಳಗಿರುವ ಆಮೆ ಮಾತ್ರ ಗೆರೆಯನ್ನು ಓದಲಾರದು.

ಮೂರು ತಾಸಾಯಿತು, ನಾಲ್ಕಾಯಿತು, ಮಗ ಬರಲಿಲ್ಲ. ಗೆಳೆಯರಿಬ್ಬರು ಬಂದರು. ನನ್ನ ಬಾಯಲ್ಲಿ ಣಮೋಕಾರ ತಾನಾಗಿ ಓಡುತ್ತಿತ್ತು. ಅದರಲ್ಲಿ ಭಕ್ತಿಗಿಂತ ಭಯವೇ ಹೆಚ್ಚಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ, ಹಿಂದುಳಿದವರನ್ನು ಹುಡುಕಿ ಕರೆತರುವ ಸವಾರರ ಜೊತೆಯಲ್ಲಿ ಬಂದ. ನಡೆದದ್ದಿಷ್ಟು: ಎರಡನೆಯ ಸುತ್ತಿನಲ್ಲಿ ಅಪರಿಚಿತನೊಬ್ಬ ಬಂಡೆಗೆ ಬಡಿದು ಬಿದ್ದು ಕಾಲುಮೂಳೆ ಮುರಿದುಕೊಂಡಿದ್ದ. ಇವನು ನಿಂತ. ಬೆನ್ನಿಗೆ ಕಟ್ಟಿಕೊಂಡ ಚೀಲದ ನೀರನ್ನು ಕುಡಿಸಿ, ಹಿಂದಿನಿಂದ ಬರುವವರು ಹಾಯದಂತೆ ತನ್ನ ವಾಹನವನ್ನು ಅಡ್ಡ ನಿಲ್ಲಿಸಿ, ನೆರವು ಬರುವವರೆಗೆ ಬಿಸಿಲಲ್ಲಿ ಕುಳಿತಿದ್ದ. ನಂತರ ಆಸ್ಪತ್ರೆಯ ಗೆಳೆಯನೂ ಅಲ್ಲಿ ನಿಂತನಂತೆ. ಇಬ್ಬರ ಪಂದ್ಯವೂ ಅಲ್ಲಿಗೆ ಮುಗಿಯಿತು. ಅದಕ್ಕಾಗಿ ಯಾರೂ ಅವರನ್ನು ಹೊಗಳಲಿಲ್ಲ. ಹಾಗೆ ನಿಲ್ಲುವುದು ಅಲ್ಲಿನ ರೂಢಿ. ಜನರಿಂದ ತುಂಬಿದ ರಸ್ತೆಯಲ್ಲಿ ಬಿದ್ದವನನ್ನು ಬಳಸಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ. ಕ್ರೀಡೆಯೆಂದ ಮಾತ್ರಕ್ಕೆ ಅದರಲ್ಲಿ ಧರ್ಮವಿಲ್ಲವೆನ್ನುವ ಸಾಹಸವನ್ನು ನಾನು ಮಾಡಲಾರೆ.

ಹಿಂದಿರುಗುವಾಗ ವ್ಯಾನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಹಿಂಸೆಯ ವಿಚಾರವನ್ನು ನಾನು ಎತ್ತಿದೆ. ಅವನು ಮೊದಲು ಆಡಿದ ಮಾತು ನನ್ನನ್ನು ತಡೆದು ನಿಲ್ಲಿಸಿತು: "ಅಪ್ಪಾಜಿ, ಪ್ರಮಾದ ಇದ್ದಲ್ಲಿ ಹಿಂಸಾ ಅಂತ ನೀವೇ ಕಲಿಸೀರಿ. ಆ ಮೂರು ತಾಸು ನನ್ನ ಮನಸ್ಸು ಒಂದು ಕ್ಷಣಾನೂ ಅತ್ತಿತ್ತ ಹೋಗಂಗಿಲ್ಲ. ಬಸದಿಯೊಳಗ ಕೂತ್ರ ಐದು ನಿಮಿಷ ನಿಲ್ಲಂಗಿಲ್ಲ. ಹಂಗಂದ್ರ ನಾ ಎಲ್ಲಿ ಪ್ರಮಾದಿ?"

ಇದು ಉಡಾಫೆಯ ಮಾತಲ್ಲ. ಉಮಾಸ್ವಾತಿಗಳು ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದದ ಯೋಗವನ್ನು ಕಾರಣವಾಗಿ ಸೇರಿಸಿದ್ದಾರೆ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇದನ್ನೇ ವಿಸ್ತರಿಸಿ, ಎಚ್ಚರದಿಂದ ನಡೆಯುವವನ ಕಾಲ ಕೆಳಗೆ ಜೀವ ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ, ಎಚ್ಚರ ತಪ್ಪಿದವನಿಗೆ ಜೀವ ಸಾಯಲಿ ಬಿಡಲಿ ದೋಷ ತಪ್ಪದು ಎಂಬ ಅಭಿಪ್ರಾಯವನ್ನು ನಿರೂಪಿಸಿದ್ದಾರೆ. ಎಚ್ಚರವೇ ಅಹಿಂಸೆಯಾದರೆ ಮರುಭೂಮಿಯ ಸವಾರನಿಗಿಂತ ಎಚ್ಚರದಲ್ಲಿರುವವರು ಯಾರು? ಕಣ್ಣು ಮಿಟುಕಿಸಿದರೆ ಕಾಲು ಮುರಿಯುತ್ತದೆ. ಅರ್ಧ ದಾರಿ ನಾನು ಮಾತನಾಡಲಿಲ್ಲ. ಉತ್ತರ ಹೊಳೆದದ್ದು ವಾಣಿಜ್ಯದ ವಿದ್ಯಾರ್ಥಿಗೆ ಹೊಳೆಯುವಂತೆ, ಲೆಕ್ಕದ ಮೂಲಕ.

ಈರ್ಯಾಸಮಿತಿಯಲ್ಲಿ ಮುನಿಗಳು ಮುಂದಿನ ನಾಲ್ಕು ಹಸ್ತ ನೆಲವನ್ನು ನೋಡಿ ನಡೆಯಬೇಕೆಂಬುದು ವಿಧಿ. ನಾಲ್ಕು ಹಸ್ತವೆಂದರೆ ಸುಮಾರು ಆರು ಅಡಿ. ತಾಸಿಗೆ ನಾಲ್ಕು ಕಿಲೋಮೀಟರು ನಡೆಯುವವರಿಗೆ ಆ ನೆಲವನ್ನು ದಾಟಲು ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ಸಿಗುತ್ತದೆ. ಇರುವೆಯನ್ನು ಕಾಣಲು, ಎತ್ತಿದ ಕಾಲನ್ನು ಬೇರೆಡೆ ಇಡಲು ಅಷ್ಟು ಸಾಕು. ತಾಸಿಗೆ ಎಂಬತ್ತು ಕಿಲೋಮೀಟರು ಓಡುವವನು ಒಂದು ಸೆಕೆಂಡಿಗೆ ಇಪ್ಪತ್ತೆರಡು ಮೀಟರು ಕ್ರಮಿಸುತ್ತಾನೆ. ನಾಲ್ಕು ಹಸ್ತ ನೆಲ ಅವನ ಪಾಲಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಅಲ್ಲ. ಕಂಡದ್ದು ಮನಸ್ಸಿಗೆ ತಿಳಿದು ಕೈ ಬ್ರೇಕಿನ ಮೇಲೆ ಬೀಳುವ ಮೊದಲೇ ಆ ನೆಲ ಹಿಂದಾಗಿರುತ್ತದೆ. ಆದ್ದರಿಂದ ಅವನು ಹತ್ತಿರದ ನೆಲವನ್ನು ನೋಡುವುದೇ ಇಲ್ಲ. ನೋಡಬಾರದೆಂದೇ ಅವರಿಗೆ ಕಲಿಸುತ್ತಾರಂತೆ, ದೃಷ್ಟಿ ದೂರದಲ್ಲಿರಬೇಕು. ಅವನ ಎಚ್ಚರ ಪೂರ್ಣವಾದುದೇ. ಅದು ಬಂಡೆಯನ್ನು ಕಾಣುತ್ತದೆ, ಏಕೆಂದರೆ ಬಂಡೆ ಅವನನ್ನು ಬೀಳಿಸಬಲ್ಲುದು, ಬಿಲವನ್ನು ಕಾಣುವುದಿಲ್ಲ. ಯಾವ ವೇಗದಲ್ಲಿ ಪರಜೀವ ಕಣ್ಣಿಗೆ ಬೀಳುವುದೇ ಅಸಾಧ್ಯವೋ ಆ ವೇಗವನ್ನು ತಾನಾಗಿ ಆರಿಸಿಕೊಳ್ಳುವುದರಲ್ಲಿಯೇ ಪ್ರಮಾದವಿದೆ. ಆರಿಸಿಕೊಂಡ ಮೇಲಿನ ಏಕಾಗ್ರತೆ ಅದನ್ನು ತೊಳೆಯಲಾರದು. ಇದನ್ನು ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಸಮ್ಮೇದಶಿಖರಜೀಗೆ ಬಸ್ಸು ಮಾಡಿಸಿಕೊಂಡು ಹೋದಾಗ ಡ್ರೈವರಗ ಎಷ್ಟು ಸ್ಪೀಡ್ ಹೇಳಿದ್ರಿ?" ಎಂದ.

ಟ್ರಸ್ಟಿನ ಸದಸ್ಯರಾದ ಬಂಧುಗಳು ಈ ಪ್ರಶ್ನೆಯನ್ನು ದಯವಿಟ್ಟು ಓದಿ ಮುಂದೆ ಹೋಗದೆ ಒಂದಿಷ್ಟು ನಿಲ್ಲಬೇಕು. ಹನ್ನೆರಡು ದಿನಗಳಲ್ಲಿ ಹದಿನೆಂಟು ಕ್ಷೇತ್ರಗಳೆಂದು ಕರಪತ್ರ ಅಚ್ಚು ಹಾಕಿಸಿ, ರಾತ್ರಿಯಿಡೀ ಬಸ್ಸು ಓಡಿಸಿ, ಬೆಳಗಿನ ಅಭಿಷೇಕಕ್ಕೆ ಹೊತ್ತಾಯಿತೆಂದು ಚಾಲಕನನ್ನು ತ್ವರೆಗೊಳಿಸಿದವನು ನಾನೇ. ದಾರಿಯಲ್ಲಿ ಬಸ್ಸಿನ ಎದುರುಗಾಜು ಹುಳುಗಳಿಂದ ಮುಚ್ಚಿಹೋಗಿ, ಚಾಲಕ ನೀರು ಹಾಕಿ ಒರೆಸಿದ್ದು ಈಗ ನೆನಪಾಗುತ್ತದೆ. ಇನ್ನೂ ಹೇಳಲು ಸಂಕಟವಾಗುವ ಸಂಗತಿಯೊಂದಿದೆ. ವಿಹಾರದಲ್ಲಿದ್ದ ತ್ಯಾಗಿಗಳು ಹೆದ್ದಾರಿಯಲ್ಲಿ ವಾಹನ ಬಡಿದು ಮರಣಿಸಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ನಾಲ್ಕು ಹಸ್ತ ನೆಲ ನೋಡಿ ನಡೆಯುವವರನ್ನು ನಾಲ್ಕು ಹಸ್ತ ನೆಲವನ್ನು ನೋಡಲಾರದ ವೇಗ ಹೀಗೆ ಕೊಂಡೊಯ್ಯುತ್ತಿದೆ. ಯಾತ್ರೆಯ ಹೆಸರಿನ ವೇಗಕ್ಕೂ ಪಂದ್ಯದ ವೇಗಕ್ಕೂ ಭೇದವಿಲ್ಲವೆಂದು ನಾನು ಹೇಳುತ್ತಿಲ್ಲ, ಪ್ರಯೋಜನದಲ್ಲಿ ಭೇದವಿದೆ. ಆದರೆ ಆ ಭೇದವನ್ನು ಮಗನ ಮುಂದೆ ಹೇಳಹೊರಟಾಗ ನನ್ನ ಧ್ವನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಇನ್ನು ನಾಲ್ಕು ಹಿಂಸೆಗಳ ವಿಚಾರಕ್ಕೆ ಬರುತ್ತೇನೆ. ಪಂದ್ಯದ ಹಿಂಸೆ ಸಂಕಲ್ಪೀ ಅಲ್ಲ, ಆಮೆಯನ್ನು ಕೊಲ್ಲಲು ಯಾರೂ ಹೊರಟಿಲ್ಲ. ಮನೆಗೆಲಸವಲ್ಲ, ಹೊಟ್ಟೆಪಾಡಲ್ಲ, ರಕ್ಷಣೆಯೂ ಅಲ್ಲ. ಲೆಕ್ಕಪತ್ರದಲ್ಲಿ ಯಾವ ಖಾತೆಗೂ ಸೇರದ ಖರ್ಚನ್ನು ನಾವು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ವರ್ಷಾಂತ್ಯದೊಳಗೆ ಅದನ್ನು ಇತ್ಯರ್ಥಪಡಿಸದಿದ್ದರೆ ಲೆಕ್ಕಪರಿಶೋಧಕ ಬಿಡುವುದಿಲ್ಲ. ಶ್ರಾವಕಾಚಾರದಲ್ಲಿ ಈ ಖಾತೆಯನ್ನು ಇತ್ಯರ್ಥಪಡಿಸುವುದಕ್ಕೇ ಇರುವುದು ಅನರ್ಥದಂಡ ವಿರತಿ. ಸಮಂತಭದ್ರಾಚಾರ್ಯರು 'ರತ್ನಕರಂಡಕ'ದಲ್ಲಿ ಅನರ್ಥದಂಡವನ್ನು ಐದಾಗಿ ವಿಂಗಡಿಸಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು ಮತ್ತು ಗಿಡಗಳನ್ನು ಕಡಿಯುವುದರ ಜೊತೆಗೆ, ಸುಮ್ಮನೆ ತಿರುಗಾಡುವುದನ್ನೂ ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ಬಾಲ್ಯದಲ್ಲಿ ಈ ಕೊನೆಯ ಮಾತನ್ನು ಓದಿ, ತಿರುಗಾಡಿದರೆ ಏನು ತಪ್ಪು ಎಂದು ನಕ್ಕಿದ್ದೆ. ಅಂದು ಆ ಬಯಲಿನಲ್ಲಿ ನೆಲ ಅಗೆದದ್ದು, ಬೆಂಕಿ ಹೊತ್ತಿಸಿದ್ದು, ಗಾಳಿ ಕದಡಿದ್ದು, ಗಿಡ ಮುರಿದದ್ದು, ತಿರುಗಿದ್ದು ಎಲ್ಲವೂ ಒಂದೇ ಯಂತ್ರದಿಂದ ಒಂದೇ ಕ್ಷಣದಲ್ಲಿ ಆಗುತ್ತಿತ್ತು. ತಿರುಗಾಡಿಸುವ ಪಾಲು ಕೈಯೆತ್ತಿ ಕೂಗಿದ ನನ್ನದು.

"ಪ್ರಯೋಜನ ಇಲ್ಲ ಅಂತ ಹೆಂಗ ಅಂತೀರಿ? ವಾರವೆಲ್ಲ ಕೂತಲ್ಲೇ ಕೂತು ತಲಿ ಕೆಟ್ಟಿರತೈತಿ. ಇಲ್ಲಿ ಬಂದ್ರ ಮನುಷ್ಯಾ ಆಗತೇನಿ" ಎಂದು ಮಗ ಕೇಳಿದ್ದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಅವನ ಮುಖದಲ್ಲಿ ಅಂದು ಇದ್ದ ಸಮಾಧಾನವನ್ನು ಬಹಳ ವರ್ಷಗಳ ಮೇಲೆ ಕಂಡಿದ್ದೆ. ಗೆಳೆತನ, ಧೈರ್ಯ, ಬಿದ್ದವನಿಗಾಗಿ ನಿಲ್ಲುವ ಗುಣ ಇವೆಲ್ಲ ಅಲ್ಲಿ ಅವನಿಗೆ ದೊರೆತಿವೆ. ಇವು ಬೆಲೆಯುಳ್ಳವು. ಆದರೆ ಈ ಬೆಲೆಯನ್ನು ಆಡುವವನು ತೆರುತ್ತಿಲ್ಲ. ಆಟಕ್ಕೆ ಕರೆಯದೆ ಸಿಕ್ಕಿಕೊಂಡ ಬಿಲದ ನಿವಾಸಿ ತೆರುತ್ತಿದೆ. ಅದೇ ಗೆಳೆಯರು ಅದೇ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಹತ್ತಿದರೆ ಈ ಗುಣಗಳಲ್ಲಿ ಎಷ್ಟು ಉಳಿದೀತು, ಎಷ್ಟು ಹೋದೀತು ಎಂದು ಯೋಚಿಸು ಎಂದೆನಷ್ಟೆ. ಬಿಡು ಎಂದು ಅಪ್ಪಣೆ ಮಾಡಲಿಲ್ಲ. ಮೂವತ್ತೈದು ವರ್ಷದ ಮಗನಿಗೆ ವ್ರತವನ್ನು ಅಪ್ಪಣೆಯಿಂದ ಕೊಡಿಸಲಾಗದು.

ಅಪ್ಪಣೆ ಮಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ, ಅದೂ ಅನರ್ಥದಂಡವೇ. ನಾನು ಹಾಲು ಮಾರುವವನಿಗೆ ಟಯರು ಕೊಟ್ಟೆ, ಅಂಚೆಯವನಿಗೆ ಚೈನು ಕೊಟ್ಟೆ. ಅದನ್ನು ಉದ್ಯೋಗೀ ಹಿಂಸೆಯ ಖಾತೆಗೆ ಬರೆಯುತ್ತೇನೆ. ಆದರೆ ಸದ್ದು ಹೆಚ್ಚಾಗಲೆಂದೇ ಸೈಲೆನ್ಸರ್ ಬದಲಾಯಿಸಿಕೊಳ್ಳಲು ಬರುತ್ತಿದ್ದ ಕಾಲೇಜು ಹುಡುಗರಿದ್ದರು. ಅದರಲ್ಲಿ ಲಾಭ ಚೆನ್ನಾಗಿತ್ತು. ಆಸ್ಪತ್ರೆಯ ಮುಂದೆ, ಬಸದಿಯ ಮುಂದೆ ಅವರು ಹಾದುಹೋಗುವಾಗ ಬೆಚ್ಚಿಬೀಳುತ್ತಿದ್ದವರಲ್ಲಿ ನಾನೂ ಒಬ್ಬ. ಆ ಮಾರಾಟವನ್ನು ಉಳಿದೆಲ್ಲ ಮಾರಾಟದ ಜೊತೆಗೇ ಜಮಾ ಮಾಡಿದ್ದೇನೆ. ಯಾವ ಪರಿಶೋಧಕನೂ ಆಕ್ಷೇಪಿಸಲಿಲ್ಲ.

ಜಾನ್ಸನ್ ವ್ಯಾಲಿಯಿಂದ ನಾವು ಹೊರಡುವ ಮೊದಲು ಕಂಡದ್ದೊಂದನ್ನು ಹೇಳಲು ಬಿಟ್ಟೆ. ಸಾಮಾನೆಲ್ಲ ಏರಿಸಿ, ವ್ಯಾನಿನ ಬಾಗಿಲು ಹಾಕಿದ ಮೇಲೆ, ಕೊಳಾಯಿ ಕೆಲಸದ ಆ ಗೆಳೆಯ ಅಂಗಾತ ಮಲಗಿ ವ್ಯಾನಿನ ಕೆಳಗೆ ತಲೆ ತೂರಿಸಿದ. ಎಣ್ಣೆ ಸೋರುತ್ತಿದೆಯೇನೋ ಎಂದುಕೊಂಡೆ. ಎದ್ದವನು ಪಕ್ಕದ ವಾಹನದ ಕೆಳಗೂ ಹಾಗೆಯೇ ನೋಡಿದ. ಬಿಸಿಲೇರಿದಾಗ ಆಮೆಗಳು ನೆರಳಿಗೆಂದು ನಿಂತ ವಾಹನಗಳ ಕೆಳಗೆ ಬಂದು ಕೂರುತ್ತವಂತೆ, ಆದ್ದರಿಂದ ನೋಡದೆ ಚಾಲೂ ಮಾಡಬಾರದೆಂದು ಅಲ್ಲಿ ಎಲ್ಲರಿಗೂ ಹೇಳಿರುತ್ತಾರಂತೆ. ಅಂಗಿಯ ಧೂಳು ಕೊಡವಿಕೊಳ್ಳುತ್ತ ಆತ ನನ್ನ ಮಗನಿಗೆ ಹೊರಡು ಎಂದು ಸನ್ನೆ ಮಾಡಿದ. ಮೂರು ತಾಸು ಆ ನೆಲದ ಮೇಲೆ ಹಾರಿ ಬಂದವನೂ ಇವನೇ.

ಹೋದ ವಾರ ಮಗ ಫೋನ್ ಮಾಡಿದ್ದ. ಬರುವ ಮಾರ್ಚಿನ ಪಂದ್ಯದ ದಿನ ಗೊತ್ತಾಗಿದೆಯಂತೆ. ತಾನು ಓಡಿಸುವನೋ, ಹಿಂದುಳಿದವರನ್ನು ಕರೆತರುವವರ ಜೊತೆ ಹೋಗುವನೋ, ಇನ್ನೂ ನಿಶ್ಚಯಿಸಿಲ್ಲ ಎಂದ. "ನೀವು ಬರ್ರಿ ಅಪ್ಪಾಜಿ, ಲಗೂನ ಉಣ್ಣೂದು ಅವರಿಗೂ ರೂಢಿ ಆಗೈತಿ" ಎಂದ. ನಾನಿನ್ನೂ ಏನೂ ಹೇಳಿಲ್ಲ. ಅವನ ತಾಯಿ ಮಾತ್ರ ಪೆಟ್ಟಿಗೆಯಿಂದ ನನ್ನ ಸ್ವೆಟರನ್ನು ತೆಗೆದು ಬಿಸಿಲಿಗೆ ಹಾಕಿದ್ದಾಳೆ.